ಸೆರಾಮಿಕ್ ಕಲಾವಿದರ ಕೆಲಸ: ಮಣ್ಣಿನ ಹದ, ಆವಿಗೆಯ ಲೆಕ್ಕ, ದಾಖಲೆಯ ಪುಸ್ತಕ

ಸೆರಾಮಿಕ್ ಕಲಾವಿದರೆಂದರೆ ದಿನವಿಡೀ ತಿಗರಿಯ ಮುಂದೆ ಕುಳಿತಿರುವವರು ಎಂಬ ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಅವರ ಹೆಚ್ಚಿನ ಸಮಯ ಮಣ್ಣು ನಾದುವುದರಲ್ಲಿ, ಒಣಗಲು ಕಾಯುವುದರಲ್ಲಿ, ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ತೂಗಿ ಜರಡಿ ಹಿಡಿಯುವುದರಲ್ಲಿ ಮತ್ತು ಕೆಟ್ಟುಹೋದ ತುಂಡುಗಳನ್ನು ಮುಂದಿಟ್ಟುಕೊಂಡು ಕಾರಣ ಹುಡುಕುವುದರಲ್ಲಿ ಕಳೆಯುತ್ತದೆ. ಆದ್ದರಿಂದ ಈ ಕಲೆಯನ್ನು ವೃತ್ತಿಯಾಗಿ ಕೈಗೆತ್ತಿಕೊಳ್ಳುವವರು ತಿಗರಿಗಿಂತ ಮೊದಲು ಒಂದು ದಪ್ಪನೆಯ ಪುಸ್ತಕ ಮತ್ತು 0.1 ಗ್ರಾಂ ತೋರಿಸುವ ತಕ್ಕಡಿಯನ್ನು ಕೊಳ್ಳುವುದು ಲೇಸು.

ಮೊದಲ ದಾಖಲೆ ಮಣ್ಣಿನದೇ ಆಗಿರಲಿ. ಚೆನ್ನಾಗಿ ನಾದಿದ ಮಣ್ಣನ್ನು ಪಟ್ಟಿಯಾಗಿ ಲಟ್ಟಿಸಿ, ಅದರ ಮೇಲೆ ಸರಿಯಾಗಿ 100 ಮಿಲಿಮೀಟರ್ ಉದ್ದದ ಗೆರೆ ಎಳೆದು, ಒಣಗಿದ ಮೇಲೆ ಒಮ್ಮೆ, ಕೊನೆಯ ಸುಡುವಿಕೆಯ ನಂತರ ಇನ್ನೊಮ್ಮೆ ಅಳೆಯಬೇಕು. ಗೆರೆ 88 ಮಿಲಿಮೀಟರಿಗೆ ಇಳಿದಿದ್ದರೆ ಆ ಮಣ್ಣು ಶೇಕಡಾ 12ರಷ್ಟು ಕುಗ್ಗುತ್ತದೆ ಎಂದರ್ಥ. ಸುಟ್ಟ ಮೇಲೆ 10 ಸೆಂಟಿಮೀಟರ್ ಅಗಲದ ಬಟ್ಟಲು ಬೇಕಿದ್ದರೆ ಹಸಿಯಲ್ಲಿ ಸುಮಾರು 11.4 ಸೆಂಟಿಮೀಟರ್ ಅಗಲಕ್ಕೆ ಎತ್ತಬೇಕಾಗುತ್ತದೆ. ಮುಚ್ಚಳವಿರುವ ಪಾತ್ರೆ ಮಾಡುವಾಗ ಪಾತ್ರೆ ಮತ್ತು ಮುಚ್ಚಳ ಎರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ದಿನ ಮಾಡಿ, ಜೊತೆಯಾಗಿಯೇ ಒಣಗಿಸಬೇಕೆಂಬ ರೂಢಿಗೆ ಕಾರಣ ಈ ಕುಗ್ಗುವಿಕೆಯೇ.

ಒಣಗಿಸುವ ಹಂತದಲ್ಲಿ ಅವಸರಕ್ಕೆ ಎಡೆಯಿಲ್ಲ. ಅಂಚು ಬೇಗ ಒಣಗಿ ತಳ ಹಸಿಯಾಗಿಯೇ ಉಳಿದರೆ ಎರಡರ ನಡುವೆ ಎಳೆತ ಹುಟ್ಟಿ ಬಿರುಕು ಬರುತ್ತದೆ. ತಿಗರಿಯ ಮೇಲಿರುವಾಗಲೇ ತಳವನ್ನು ಒತ್ತಿ ಬಿಗಿಗೊಳಿಸದೆ ಬಿಟ್ಟರೆ ನಡುಮಧ್ಯದಲ್ಲಿ ಹಾವಿನಂತೆ ಬಳುಕಿದ ಸೀಳು ಕಾಣಿಸಿಕೊಳ್ಳುವುದುಂಟು. ಮಣ್ಣು ತೊಗಲಿನ ಹದಕ್ಕೆ ಬಂದಾಗ, ಅಂದರೆ ಉಗುರಿನ ಗುರುತು ಮೂಡುವಷ್ಟು ಮೆದುವಾಗಿದ್ದರೂ ಒತ್ತಿದರೆ ಆಕಾರ ಕೆಡದಷ್ಟು ಗಟ್ಟಿಯಾದಾಗ, ತಳ ಕೆತ್ತುವ ಮತ್ತು ಹಿಡಿ ಅಂಟಿಸುವ ಕೆಲಸ ಮುಗಿಸಬೇಕು. ಈ ಹದ ಒಮ್ಮೆ ದಾಟಿದರೆ ಅಂಟಿಸಿದ ಹಿಡಿ ನಿಲ್ಲುವುದಿಲ್ಲ. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಪಾತ್ರೆಯನ್ನು ಕೆನ್ನೆಗೆ ತಾಗಿಸಿ ನೋಡಿದರೆ ಸಾಕು. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ.

ಗ್ಲೇಜ್ ಹಚ್ಚುವುದಕ್ಕೆ ಮುಂಚಿನ ಮೊದಲ ಸುಡುವಿಕೆಯಲ್ಲಿ ಆ ಉಳಿದ ನೀರೇ ಶತ್ರು. ನೀರು ಆವಿಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುವುದರಿಂದ, 100 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಬಿಸಿಯನ್ನು ತೀರ ನಿಧಾನವಾಗಿ ಏರಿಸದಿದ್ದರೆ ದಪ್ಪ ಗೋಡೆಯ ಪಾತ್ರೆಗಳು ಆವಿಗೆಯೊಳಗೆ (ಸುಡುವ ಗೂಡಿನೊಳಗೆ) ಸಿಡಿದು, ಪಕ್ಕದವನ್ನೂ ಹಾಳುಮಾಡುತ್ತವೆ. ಆವಿಗೆಯ ನೋಟದ ಕಿಂಡಿಯ ಬಳಿ ತಣ್ಣನೆಯ ಕನ್ನಡಿಯನ್ನು ಕ್ಷಣಕಾಲ ಹಿಡಿದಾಗ ಅದು ಮಂಜಾದರೆ ಇನ್ನೂ ಕಾಯಬೇಕು. ಮುಂದೆ 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಸ್ ಹರಳುಗಳ ರಚನೆ ಬದಲಾಗಿ ಗಾತ್ರ ಥಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅದೇ ಬಿಂದುವಿನಲ್ಲಿ ಮರಳಿ ಕುಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಈ ಹಂತವನ್ನು ನಿಧಾನವಾಗಿ ದಾಟಬೇಕು. ಕುತೂಹಲ ತಡೆಯಲಾರದೆ 200 ಡಿಗ್ರಿಯಲ್ಲೇ ಬಾಗಿಲು ತೆರೆದು ಒಳ್ಳೆಯ ಬಟ್ಟಲುಗಳನ್ನು ಬಿರುಕುಗೊಳಿಸದ ಕಲಾವಿದರು ಅಪರೂಪ.

ಸಾಮಾನ್ಯವಾಗಿ ಮೊದಲ ಸುಡುವಿಕೆ 900ರಿಂದ 1,060 ಡಿಗ್ರಿಯ ಆಸುಪಾಸಿನಲ್ಲಿಯೂ, ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಪಾತ್ರೆ) ಗ್ಲೇಜ್‌ನ ಸುಡುವಿಕೆ 1,200ರಿಂದ 1,300 ಡಿಗ್ರಿಯ ನಡುವೆಯೂ ನಡೆಯುತ್ತದೆ. ಆದರೆ ಆವಿಗೆಯ ಬಿಸಿ ಅಳೆಯುವ ಪೈರೋಮೀಟರ್ ತೋರಿಸುವ ಅಂಕಿಯೊಂದನ್ನೇ ನಂಬುವುದು ಸಲ್ಲದು. ಬೇಗ ಏರಿಸಿ ಮುಟ್ಟಿದ 1,220 ಡಿಗ್ರಿ ಮತ್ತು ನಿಧಾನವಾಗಿ ಮುಟ್ಟಿದ 1,220 ಡಿಗ್ರಿ ಗ್ಲೇಜ್‌ನ ಮೇಲೆ ಬೇರೆಬೇರೆ ಪರಿಣಾಮ ಬೀರುತ್ತವೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ, ಬಿಸಿಗೆ ಬಾಗುವ ಸಣ್ಣ ಗೋಪುರದಾಕಾರದ ಕೋನ್‌ಗಳು ಇಂದಿಗೂ ಬಳಕೆಯಲ್ಲಿರುವುದು ಇದರಿಂದಲೇ. ಅವು ಮಣ್ಣು, ಗ್ಲೇಜ್‌ಗಳಂಥ ವಸ್ತುಗಳಿಂದಲೇ ಆದವುಗಳಾದ್ದರಿಂದ ಬಿಸಿಯನ್ನೂ ಅವಧಿಯನ್ನೂ ಒಟ್ಟಾಗಿ ಅನುಭವಿಸಿ ಬಾಗುತ್ತವೆ. ಗುರಿಯ ಕೋನ್, ಅದಕ್ಕಿಂತ ಒಂದು ಹಂತ ಕೆಳಗಿನದು, ಒಂದು ಹಂತ ಮೇಲಿನದು ಹೀಗೆ ಮೂರನ್ನು ಸಾಲಾಗಿ ನಿಲ್ಲಿಸಿ, ಅವು ಬಾಗಿದ ಪ್ರಮಾಣವನ್ನು ಪ್ರತಿ ಬಾರಿಯೂ ಪುಸ್ತಕದಲ್ಲಿ ಚಿತ್ರಿಸಿಟ್ಟುಕೊಳ್ಳಬೇಕು.

ಗ್ಲೇಜ್‌ನಲ್ಲಿ ಮೂರು ಪಾತ್ರಗಳಿವೆ: ಗಾಜಾಗುವ ಸಿಲಿಕಾ, ಗಾಜು ಹರಿದುಹೋಗದಂತೆ ಹಿಡಿಯುವ ಅಲ್ಯುಮಿನಾ, ಮತ್ತು ಕರಗುವ ಬಿಂದುವನ್ನು ಇಳಿಸುವ ಕ್ಷಾರ ಅಥವಾ ಸುಣ್ಣದಂಥ ದ್ರಾವಕ. ಇದು ತಿಳಿದಿದ್ದರೆ ದೋಷಗಳ ಮೂಲ ಹುಡುಕುವುದು ಸುಲಭ. ಗ್ಲೇಜ್‌ನ ಮೇಲೆ ಕೂದಲೆಳೆಯ ಬಿರುಕುಗಳ ಬಲೆ ಮೂಡಿದರೆ, ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದೆ ಎಂದು ತಿಳಿದು ಸಿಲಿಕಾವನ್ನು ಸ್ವಲ್ಪ ಹೆಚ್ಚಿಸಿ, ಸೋಡಾ ಮತ್ತು ಪೊಟ್ಯಾಶ್ ತಗ್ಗಿಸಿ ನೋಡಬೇಕು. ಅಂಚಿನಲ್ಲಿ ಗ್ಲೇಜ್ ಚಕ್ಕೆಯಾಗಿ ಹಾರಿದರೆ ಸಮಸ್ಯೆ ಇದಕ್ಕೆ ತದ್ವಿರುದ್ಧವಾದದ್ದು.

ಪರೀಕ್ಷೆಯನ್ನು ಬಟ್ಟಲಿನ ಮೇಲೆ ಮಾಡಬಾರದು. ನೆಟ್ಟಗೆ ನಿಲ್ಲುವ ಚಿಕ್ಕ ತುಂಡುಗಳನ್ನು ನೂರರ ಲೆಕ್ಕದಲ್ಲಿ ಸಿದ್ಧಪಡಿಸಿ, ಮಲಗಿಸದೆ ನಿಲ್ಲಿಸಿಯೇ ಸುಡಬೇಕು. ಗ್ಲೇಜ್ ಎಷ್ಟು ಹರಿಯುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ. ತುಂಡನ್ನು ಒಮ್ಮೆ ಅದ್ದಿ, ಮೇಲಿನ ಅರ್ಧವನ್ನು ಮತ್ತೊಮ್ಮೆ ಅದ್ದಿದರೆ ದಪ್ಪದ ವ್ಯತ್ಯಾಸವೂ ಒಂದೇ ತುಂಡಿನಲ್ಲಿ ಸಿಗುತ್ತದೆ. ಬಣ್ಣಕ್ಕಾಗಿ ಕಬ್ಬಿಣದ ಆಕ್ಸೈಡನ್ನು ಶೇಕಡಾ 1, 2, 4, 8 ಎಂದು ದ್ವಿಗುಣಗೊಳಿಸುತ್ತ ಹೋಗಬಹುದು. ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ 1-2ರ ಪ್ರಮಾಣ ತಿಳಿಹಸಿರನ್ನು ಕೊಟ್ಟರೆ, 8ರ ಸುಮಾರಿಗೆ ಕಪ್ಪುಗಂದು ಬರುತ್ತದೆ. ಕೋಬಾಲ್ಟ್ ಮಾತ್ರ ಬಲು ತೀಕ್ಷ್ಣವಾದುದರಿಂದ ಶೇಕಡಾ 0.25ರಿಂದ ಆರಂಭಿಸುವುದು ಒಳ್ಳೆಯದು. ಪ್ರತಿ ತುಂಡಿನ ಹಿಂಬದಿಯಲ್ಲಿ ಆಕ್ಸೈಡಿನಿಂದ ಸಂಖ್ಯೆ ಬರೆಯಬೇಕು. ಪೆನ್ಸಿಲಿನ ಬರಹ ಸುಟ್ಟು ಹೋಗುತ್ತದೆ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಂಬಾರ ಜೊಸೈಯಾ ವೆಡ್ಜ್‌ವುಡ್ ತಮ್ಮ ಜ್ಯಾಸ್ಪರ್ ಎಂಬ ಹೊಳಪಿಲ್ಲದ ನಯವಾದ ಪಾತ್ರೆಗಾಗಿ ಸಾವಿರಾರು ಇಂಥ ತುಂಡುಗಳನ್ನು ಸುಟ್ಟು, ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ದಾಖಲಿಸಿದರು. ಅದಕ್ಕೂ ಎರಡು ಶತಮಾನ ಹಿಂದೆ ಫ್ರಾನ್ಸಿನ ಕುಂಬಾರ ಬರ್ನಾರ್ಡ್ ಪಾಲಿಸ್ಸಿ ಎನಾಮೆಲ್ ಎಂಬ ಬಿಳಿ ಗ್ಲೇಜ್‌ನ ಬೆನ್ನುಹತ್ತಿ, ಸೌದೆ ಮುಗಿದಾಗ ಮನೆಯ ಮೇಜು ಮತ್ತು ನೆಲದ ಹಲಗೆಗಳನ್ನೇ ಆವಿಗೆಗೆ ಹಾಕಿದ್ದಾಗಿ ಬರೆದುಕೊಂಡಿದ್ದಾರೆ. ಈ ಪ್ರಸಂಗವನ್ನು ಕಲೆಯ ಮೇಲಿನ ನಿಷ್ಠೆಗೆ ಉದಾಹರಣೆಯಾಗಿ ಹೇಳುವುದೇ ಹೆಚ್ಚು. ಸುಡುವ ಮೊದಲು ಇಂಧನ ಲೆಕ್ಕಹಾಕಬೇಕೆಂಬ ಎಚ್ಚರಿಕೆಯಾಗಿ ಓದುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಜೀವನೋಪಾಯದ ವಿಚಾರದಲ್ಲಿ ಸೆರಾಮಿಕ್ ಕಲಾವಿದೆ ಲೂಸಿ ರೀ ಅವರ ದಾರಿ ಗಮನಾರ್ಹ. 1938ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಅವರು ಯುದ್ಧದ ದಿನಗಳಲ್ಲಿ ಉಡುಪುಗಳಿಗೆ ಗುಂಡಿಗಳನ್ನು ಮಾಡಿ ಬದುಕಿದರು. ಬಟ್ಟೆಯ ಬಣ್ಣಕ್ಕೆ ಹೊಂದುವ ಗುಂಡಿ ಎಂದರೆ ಪ್ರತಿಯೊಂದೂ ಒಂದು ಗ್ಲೇಜ್ ಪರೀಕ್ಷೆಯೇ ಅಲ್ಲವೇ? ಆದ್ದರಿಂದ ಆರಂಭದ ವರ್ಷಗಳಲ್ಲಿ ಒಂದೇ ಬಗೆಯ ಸಣ್ಣ ವಸ್ತುಗಳನ್ನು ಮತ್ತೆ ಮತ್ತೆ ಮಾಡುವುದನ್ನು ಕೀಳೆಂದು ಭಾವಿಸಬೇಕಾಗಿಲ್ಲ.

ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಕಾರ್ಯಾಗಾರದ ನೆಲವನ್ನು ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣ ಪುಡಿ ತೂಗುವಾಗ ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಧರಿಸಬೇಕು. ಊಟದ ಪಾತ್ರೆಗಳಿಗೆ ಸೀಸವಿರುವ ಗ್ಲೇಜ್ ಬೇಡವೇ ಬೇಡ. ಹೊಸ ಗ್ಲೇಜ್ ಹಚ್ಚಿದ ತುಂಡನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ಅರ್ಧ ಮುಳುಗಿಸಿಟ್ಟು, ಮುಳುಗಿದ ಭಾಗದ ಬಣ್ಣವಾಗಲಿ ಹೊಳಪಾಗಲಿ ಬದಲಾಗಿದ್ದರೆ ಅದನ್ನು ಅಲಂಕಾರದ ವಸ್ತುಗಳಿಗಷ್ಟೇ ಮೀಸಲಿಡಬೇಕು. ಬದಲಾಗದಿದ್ದರೂ ಮಾರುವ ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಆವಿಗೆ ತೆರೆದ ದಿನ ಪಾತ್ರೆಗಳನ್ನು ಕೆಳಗಿಳಿಸುವ ಮೊದಲೇ ಯಾವ ಹಲಗೆಯ ಯಾವ ಮೂಲೆಯಲ್ಲಿ ಯಾವ ತುಂಡಿತ್ತು, ಅಲ್ಲಿನ ಕೋನ್ ಎಷ್ಟು ಬಾಗಿದೆ ಎಂಬುದನ್ನು ಬರೆದುಕೊಳ್ಳಬೇಕು. ಒಮ್ಮೆ ಎಲ್ಲವನ್ನೂ ಮೇಜಿಗೆ ತಂದಿಟ್ಟ ಮೇಲೆ ಆ ಮಾಹಿತಿ ಮರಳಿ ಸಿಗದು.