ಸಿಖ್ ಅಧ್ಯಯನದ ಪತ್ರಿಕೆಗೆ ನಾನು ಲೇಖನ ಬರೆದ ಬಗೆ

ಸಿಖ್ ಅಧ್ಯಯನಕ್ಕೆ ನಾನು ಬಂದದ್ದು ವಚನಗಳ ಓದಿನಿಂದ. ವಚನದಲ್ಲಿ ಅಂಕಿತ ಕಂಡರೆ ಬರೆದವರು ಯಾರೆಂದು ಗೊತ್ತಾಗುತ್ತದೆ. ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್‌ನಲ್ಲಿ ಈ ರೂಢಿ ಕೈಕೊಡುತ್ತದೆ. ಅದರಲ್ಲಿ ರಚನೆಗಳಿರುವ ಆರು ಗುರುಗಳ ಅಂಕಿತವೂ ‘ನಾನಕ್’ ಎಂದೇ. ಯಾರದೆಂದು ಹೇಳುವುದು ಪದ್ಯದ ನೆತ್ತಿಯಲ್ಲಿರುವ ‘ಮಹಲಾ’ ಸಂಖ್ಯೆ. ಅದರ ‘ಆಸಾ ದೀ ವಾರ್’ ಎಂಬ ಭಾಗದಲ್ಲಿ, 463ನೇ ಪುಟದಲ್ಲಿ, ನೂರು ಚಂದ್ರರು ಮೂಡಿ ಸಾವಿರ ಸೂರ್ಯರು ಏರಿದರೂ ಗುರುವಿಲ್ಲದೆ ಕಗ್ಗತ್ತಲೆಯೇ ಎನ್ನುವ ಸಲೋಕವಿದೆ. ಅದು ಮಹಲಾ 2, ಅಂದರೆ ಗುರು ಅಂಗದರದು. ಅದಕ್ಕೆ ಮುಂಚಿನದು ಮಹಲಾ 1, ಗುರು ನಾನಕರದು. ಹಾಗಾಗಿ ರಾಗ, ಮಹಲಾ, ಪುಟ ಮೂರೂ ಇಲ್ಲದ ಉದ್ಧರಣೆಯನ್ನು ನಾನು ಟಿಪ್ಪಣಿಗೇ ಸೇರಿಸುವುದಿಲ್ಲ. ಇಂದಿನ ಪ್ರಮಾಣಿತ ಮುದ್ರಣದಲ್ಲಿ 1430 ಪುಟಗಳು. ಪುಟಸಂಖ್ಯೆ ಎಲ್ಲೆಡೆ ತಾಳೆಯಾಗುತ್ತದೆ. ವಚನಗಳಿಗೂ ಇಂಥದ್ದೊಂದು ಸೌಕರ್ಯ ಇದ್ದಿದ್ದರೆ!

ಗ್ರಂಥವನ್ನು ಬರೆದಿರುವ ಗುರುಮುಖಿ ಲಿಪಿ ಬೇಗ ಹತ್ತುತ್ತದೆ. ಹೈರಾಣಾಗಿಸುವುದು ಹಳೆಯ ಹಸ್ತಪ್ರತಿಗಳ ‘ಲಡೀವಾರ್’ ಬರಹ. ಪದಗಳ ನಡುವೆ ಬಿಡುವೇ ಇರುವುದಿಲ್ಲ. ಚಂಡೀಗಢದ ಪಂಜಾಬ್ ಡಿಜಿಟಲ್ ಲೈಬ್ರರಿಯ ಚಿತ್ರಗಳನ್ನು ಹಿಗ್ಗಿಸಿಕೊಂಡು, ಪಕ್ಕದಲ್ಲಿ ಕಾಹ್ನ್ ಸಿಂಗ್ ನಾಭಾ ಅವರ ಸಿಖ್ ವಿಶ್ವಕೋಶ ‘ಮಹಾನ್ ಕೋಶ್’ ಇಟ್ಟುಕೊಂಡು ಕುಳಿತೆ.

ನನ್ನ ವಿಷಯ ಬೀದರ್‌ನ ಗುರುದ್ವಾರ ನಾನಕ ಝೀರಾ. ಗುರು ನಾನಕರಿಂದ ಅಲ್ಲಿ ಸಿಹಿನೀರಿನ ಬುಗ್ಗೆ ಚಿಮ್ಮಿತೆಂಬುದು ನಂಬಿಕೆ. ಅವರು ನಿಜಕ್ಕೂ ಬಂದಿದ್ದರೇ ಎಂಬ ಪ್ರಶ್ನೆಗೆ ನಾನು ಕೈಹಾಕಲಿಲ್ಲ. 1968ರಲ್ಲಿ ಇತಿಹಾಸಕಾರ ಡಬ್ಲ್ಯೂ. ಎಚ್. ಮೆಕ್ಲಿಯಡ್ ಜನಮಸಾಖಿಗಳ, ಅಂದರೆ ಗುರು ನಾನಕರ ಸಾಂಪ್ರದಾಯಿಕ ಜೀವನಕಥೆಗಳ, ಪ್ರಸಂಗಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ, ಖಚಿತವೆಂದು ಉಳಿಸಿದ್ದು ಅತ್ಯಲ್ಪ. ಅದರಿಂದ ಎದ್ದ ಜಗಳದಲ್ಲಿ ಎರಡೂ ಕಡೆಯವರು ಒಂದೇ ಪ್ರಶ್ನೆಗೆ ಜೋತುಬಿದ್ದರು ಎಂಬುದು ನನ್ನ ಅಭಿಪ್ರಾಯ. ಈ ಕಥೆಯನ್ನು ಯಾರು, ಯಾವಾಗ, ಯಾರಿಗೆ ಹೇಳತೊಡಗಿದರು ಎಂದು ಕೇಳಿದರೆ ದಾಖಲೆಗಳು ಬಾಯಿಬಿಡುತ್ತವೆ. ಅದಕ್ಕಾಗಿ ಪುರಾತನ್, ಮಿಹರ್ಬಾನ್, ಬಾಲಾ ಎಂಬ ಜನಮಸಾಖಿ ಪರಂಪರೆಗಳಲ್ಲಿನ ದಕ್ಷಿಣ ಯಾತ್ರೆಯ ಭಾಗಗಳನ್ನು, ಸಂಗಲದೀಪದ (ಸಾಮಾನ್ಯವಾಗಿ ಶ್ರೀಲಂಕಾ ಎಂದು ಗುರುತಿಸಲಾಗುವ ನಾಡಿನ) ರಾಜ ಶಿವನಾಭನ ಪ್ರಸಂಗವೂ ಸೇರಿದಂತೆ, ಬೇರೆ ಬೇರೆ ಕಾಲಂಗಳಲ್ಲಿ ಬರೆದುಕೊಂಡೆ. ಜನಮಸಾಖಿಗಳೆಲ್ಲ ಒಂದೇ ಪುಸ್ತಕವೆಂಬಂತೆ ಉದ್ಧರಿಸುವುದು ಲೇಖನದ ತಿರಸ್ಕಾರಕ್ಕೆ ನೇರ ದಾರಿ. 1699ರಲ್ಲಿ ಖಾಲ್ಸಾ ದೀಕ್ಷೆ ಪಡೆದ ಮೊದಲ ಐವರಾದ ಪಂಜ್ ಪ್ಯಾರೆಗಳಲ್ಲೊಬ್ಬರಾದ, ಬೀದರ್‌ನವರೆಂದು ಪರಂಪರೆ ಹೇಳುವ ಭಾಯಿ ಸಾಹಿಬ್ ಸಿಂಗ್ ಅವರನ್ನು ಆಸೆಯಾದರೂ ಬದಿಗಿಟ್ಟೆ. ಒಂದು ಲೇಖನ ಹೊರುವುದು ಒಂದೇ ಪ್ರಶ್ನೆಯನ್ನು.

ಪತ್ರಿಕೆ ಆರಿಸುವ ಮುನ್ನ ಹಳೆಯ ಸಂಚಿಕೆಗಳನ್ನು ತಿರುವಿಹಾಕಿದೆ. ಇತಿಹಾಸಕಾರ ಗಂಡಾ ಸಿಂಗ್ 1967ರಲ್ಲಿ ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಿಂದ ಆರಂಭಿಸಿದ ‘ಪಂಜಾಬ್ ಪಾಸ್ಟ್ ಅಂಡ್ ಪ್ರೆಸೆಂಟ್’ಗೆ ಆಕರಗಳ ಕಡೆ ಒಲವು. 2005ರಲ್ಲಿ ಶುರುವಾದ ‘ಸಿಖ್ ಫಾರ್ಮೇಶನ್ಸ್’ ಸಿದ್ಧಾಂತ ಚರ್ಚೆಗೆ ಹೆಚ್ಚು ಜಾಗ ಕೊಡುತ್ತದೆ. ನಾನು ಕಳುಹಿಸಿದ ಪತ್ರಿಕೆಯ ಪರಾಮರ್ಶಕರಲ್ಲಿ ಒಬ್ಬರಿಗೆ ಬರಹದಲ್ಲಿ ಭಕ್ತಿ ಹೆಚ್ಚಾಯಿತು, ಇನ್ನೊಬ್ಬರಿಗೆ ಸಂಶಯ ಹೆಚ್ಚಾಯಿತು. ಇಬ್ಬರ ಆಕ್ಷೇಪಗಳನ್ನೂ ಎಡಬದಿಗೆ, ನನ್ನ ಉತ್ತರಗಳನ್ನು ಬಲಬದಿಗೆ ಇಟ್ಟು ಕೋಷ್ಟಕ ಮಾಡಿದೆ. ಒಪ್ಪದ ಕಡೆ ಹಸ್ತಪ್ರತಿಯ ಸಾಲು ತೋರಿಸಿ ಒಪ್ಪುವುದಿಲ್ಲವೆಂದೇ ಬರೆದೆ. ಸಂಪಾದಕರು ಅದನ್ನು ಮನ್ನಿಸಿದರು. ಸಹಿ ಹಾಕುವ ಮುನ್ನ ಒಪ್ಪಂದವನ್ನು ಪೂರ್ತಿ ಓದಿ, ಅಂಗೀಕೃತ ಕರಡನ್ನು ವಿಶ್ವವಿದ್ಯಾಲಯದ ಭಂಡಾರಕ್ಕೆ ಸೇರಿಸುವ ಹಕ್ಕು ನನ್ನಲ್ಲೇ ಉಳಿದಿದೆಯೆಂದು ಖಾತ್ರಿ ಮಾಡಿಕೊಂಡೆ. ಇಲ್ಲದಿದ್ದರೆ ಬೀದರ್‌ನ ಓದುಗರು ತಮ್ಮ ಊರಿನ ಬಗೆಗಿನ ಲೇಖನಕ್ಕೆ ಡಾಲರ್ ತೆರಬೇಕಾಗುತ್ತಿತ್ತು.