ಬಿ.ಪಿ. ಇರುವ ಮನೆಯಲ್ಲಿ ಉಪ್ಪಿನ ಲೆಕ್ಕ ಇಡುವುದು ಹೇಗೆ?

ರಕ್ತದೊತ್ತಡ 140/90 ದಾಟಿದೆ ಎಂದು ವೈದ್ಯರು ಮಾತ್ರೆ ಬರೆದುಕೊಟ್ಟ ದಿನ ಮನೆಯವರು ಮೊದಲು ಕೇಳುವುದು ಊಟದ ಪಥ್ಯವನ್ನೇ. ಉಪ್ಪು ಕಡಿಮೆ ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಎಷ್ಟು, ಯಾವುದರಲ್ಲಿ ಎಂಬುದು ಮಾತ್ರ ಅಳೆದು ನೋಡದೆ ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಉಪ್ಪು ಸಾಕು. ಈ ಲೆಕ್ಕದಲ್ಲಿ ನಾಲ್ವರು ದೊಡ್ಡವರಿರುವ ಮನೆಗೆ ಒಂದು ಕಿಲೋ ಪ್ಯಾಕೆಟ್ 50 ದಿನವಾದರೂ ಬರಬೇಕು. ಆದ್ದರಿಂದ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ತಿಂಗಳು ತುಂಬುವ ಮೊದಲೇ ಖಾಲಿಯಾದರೆ, ಹೋಟೆಲಿನ ತಿಂಡಿ, ಮಿಕ್ಸ್ಚರ್, ಬೋಂಡಾಗಳ ಉಪ್ಪು ಸೇರದೆಯೇ ಮಿತಿ ಮೀರಿದೆ ಎಂದರ್ಥ.

ಕೋಲಾರದ ಕಡೆಯ ನಮ್ಮ ಅಡುಗೆಯಲ್ಲಿ ಗಮನ ಕೊಡಬೇಕಾದದ್ದು ಉಪ್ಪುಸಾರು. ನಮ್ಮ ತಾಯಿ ಸೊಪ್ಪು, ಕಾಳು ಬೇಯಿಸುವಾಗ ಒಮ್ಮೆ, ಖಾರ ರುಬ್ಬುವಾಗ ಇನ್ನೊಮ್ಮೆ, ಬಡಿಸುವ ಮುಂಚೆ ರುಚಿ ನೋಡಿ ಮತ್ತೊಂದು ಚಿಟಿಕೆ ಉಪ್ಪು ಹಾಕುತ್ತಿದ್ದರು. ಅವರ ಕೈಯಳತೆಯನ್ನು ಚಮಚಕ್ಕೆ ಸುರಿದು ನೋಡಿದಾಗ ಅವರಿಗೇ ಆಶ್ಚರ್ಯವಾಯಿತು. ಈಗ ಬೇಯಿಸುವ ನೀರಿಗೆ ಉಪ್ಪಿಲ್ಲ. ಖಾರಕ್ಕೆ ಮಾತ್ರ ಅಳತೆಯ ಚಮಚದಲ್ಲಿ ಹಾಕಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣನ್ನು ತುಸು ಹೆಚ್ಚಿಸುತ್ತಾರೆ. ಮುದ್ದೆಯನ್ನು ಸಪ್ಪೆಯಾಗಿಯೇ ಕಟ್ಟಬಹುದು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳಗಳನ್ನು ಹಬ್ಬದ ಎಲೆಗೆ ಬಿಡಿ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಕಿಡ್ನಿ ತೊಂದರೆ ಇರುವವರು ಮತ್ತು ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಇದು ಅಪಾಯವಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಬಳಸಬೇಡಿ.

ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯಬೇಕು. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರು ಮನೆಯಿಂದ ಸ್ಟೇಷನ್ನಿಗೆ ನಡೆದೇ ಹೋದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಪೂರ್ತಿ ನಿಲ್ಲಬೇಕು, ಮದ್ಯವೂ ಬಿ.ಪಿ. ಏರಿಸುತ್ತದೆ.

ಮನೆಯಲ್ಲಿ ಬಿ.ಪಿ. ನೋಡುವಾಗ ಅರ್ಧ ಗಂಟೆ ಮುಂಚಿನಿಂದ ಕಾಫಿ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ 5 ನಿಮಿಷ ಮಾತಾಡದೆ ಕೂತ ಮೇಲೆ, ತೋಳನ್ನು ಎದೆಯ ಮಟ್ಟಕ್ಕಿಟ್ಟು ಪಟ್ಟಿ ಕಟ್ಟಿಕೊಳ್ಳಿ. ಬಂದ ಅಂಕಿಯನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಭೇಟಿಗೆ ಆ ಪುಸ್ತಕವನ್ನೂ ಒಯ್ಯಿರಿ.

ಅಂಕಿ ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ಇಳಿದಿರುವುದರಲ್ಲಿ ಮಾತ್ರೆಯ ಪಾಲೂ ಇದೆ. ಮಂಡಿ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ಗಳೂ ಒತ್ತಡ ಏರಿಸಬಲ್ಲವು, ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಒತ್ತಡ 180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡುಬಂದರೆ ಬೆಳಗಾಗಲೆಂದು ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.