‘ಇಂದ’ ಹಿಡ್ಕೊಂಡ್ರೆ ‘ಹ್ಯಾವ್ ಬೀನ್’ ತಾನಾಗೇ ಬರುತ್ತೆ

ಹೋದ ತಿಂಗಳು ಅಕ್ಕನ ಮಗಳು ಬಸ್‌ಸ್ಟ್ಯಾಂಡಿಂದ ಫೋನ್ ಮಾಡಿ "ಮಾಮ, ಎರಡು ಗಂಟೆಯಿಂದ ಕಾಯ್ತಾ ಇದೀನಿ, ಬಸ್ಸೇ ಇಲ್ಲ" ಅಂದ್ಲು. ಅಯ್ಯೋ ಪಾಪ ಎರಡು ಗಂಟೆ ಹೊತ್ತು ಬಿಸಿಲಲ್ಲಿ ನಿಂತಿದಾಳಲ್ಲ ಅಂತ ಬೈಕ್ ಕೀ ತಗೊಂಡು ಹೊರಟೇಬಿಟ್ಟೆ, ಆಮೇಲೆ ಗಡಿಯಾರ ನೋಡಿದ್ರೆ ಎರಡೂ ಮುಕ್ಕಾಲು. ಅವಳು ಹೇಳಿದ್ದು ಮಧ್ಯಾಹ್ನ ಎರಡು ಗಂಟೆಯಿಂದ ಅಂತ, ನಾನು ಕೇಳಿಸ್ಕೊಂಡಿದ್ದು ಎರಡು ಗಂಟೆ ಹೊತ್ತಿಂದ ಅಂತ. ತಪ್ಪು ಅವಳದ್ದೂ ಅಲ್ಲ, ನಂದೂ ಅಲ್ಲ, ಕನ್ನಡದ ‘ಇಂದ’ ಎರಡನ್ನೂ ಹೊತ್ಕೊಂಡು ಓಡಾಡುತ್ತೆ ಅಷ್ಟೇ.

ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ. ಮುಂಚೆ ಶುರುವಾಗಿ ಈಗಿನವರೆಗೂ ನಡೆದಿರೋ ಕೆಲಸ ಹೇಳೋಕೆ ಇಂಗ್ಲಿಷಲ್ಲಿ ಒಂದು ಟೆನ್ಸ್ ಇದೆ, ಅದರ ಹೆಸರು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಅರ್ಧ ಕ್ಲಾಸು ಮುಖ ಬಾಡಿಸ್ಕೊಳ್ಳುತ್ತೆ, ಸ್ಕೂಲಲ್ಲಿ ಫಾರ್ಮುಲಾ ಬಾಯಿಪಾಠ ಮಾಡಿಸಿರ್ತಾರೆ, ಆದ್ರೆ ಮಾತಾಡೋವಾಗ ಫಾರ್ಮುಲಾ ನೆನಪಿಗೆ ಬರೋಷ್ಟರಲ್ಲಿ ಎದುರುಗಡೆಯವರು ಬೇರೆ ವಿಷಯಕ್ಕೆ ಹೋಗಿರ್ತಾರೆ. ಅದಕ್ಕೆ ನಾನು ಇದನ್ನ ಕನ್ನಡದಿಂದ ಶುರು ಮಾಡ್ತೀನಿ. ಈ ಟೆನ್ಸ್ ಎಲ್ಲಿ ಬೇಕು ಅಂತ ನಮ್ಮ ಕನ್ನಡ ವಾಕ್ಯವೇ ಹೇಳ್ಕೊಡುತ್ತೆ, ನಾವು ಅದನ್ನ ಗಮನಿಸಿ ಕೇಳಿಸ್ಕೊಬೇಕು.

ಮೊದಲನೇ ಕೆಲಸ ಇದು. ಹೇಳ್ಬೇಕಾಗಿರೋದನ್ನ ಮನಸ್ಸಲ್ಲಿ ಕನ್ನಡದಲ್ಲೇ ಹೇಳ್ಕೊಳಿ. ‘ಮೂರು ದಿನದಿಂದ ಮಳೆ ಹೊಯ್ತಾ ಇದೆ’. ಇದರಲ್ಲಿ ಎರಡು ಗುರುತು ಇದೆ ನೋಡಿ, ಒಂದು ಟೈಮಿಗೆ ಅಂಟಿರೋ ‘ಇಂದ’, ಇನ್ನೊಂದು ‘ತಾ ಇದೆ’. ಎರಡೂ ಒಟ್ಟಿಗೆ ಸಿಕ್ಕಿದ್ರೆ ಇಂಗ್ಲಿಷಲ್ಲಿ ‘ಹ್ಯಾವ್ ಬೀನ್’ ಇಲ್ಲಾ ‘ಹ್ಯಾಸ್ ಬೀನ್’, ಅದರ ಹಿಂದೆ ‘ಇಂಗ್’ ಇರೋ ಕ್ರಿಯಾಪದ. "ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್." ‘ಇಂದ’ ಇಲ್ದೆ ಬರೀ ‘ಮಳೆ ಹೊಯ್ತಾ ಇದೆ’ ಅಂದ್ರೆ ಮಾತ್ರ "ಇಟ್ ಈಸ್ ರೇನಿಂಗ್". ನಾವು ತಪ್ಪೋದು ಇಲ್ಲೇ. ಕನ್ನಡದಲ್ಲಿ ‘ಇಂದ’ ಬಂದ್ರೂ ಬರದಿದ್ರೂ ಕ್ರಿಯಾಪದ ‘ಹೊಯ್ತಾ ಇದೆ’ ಅಂತಾನೇ ಇರುತ್ತೆ, ಇಂಗ್ಲಿಷಲ್ಲಿ ‘ಇಂದ’ ಬಂದ ಕೂಡ್ಲೆ ಕ್ರಿಯಾಪದದ ವೇಷವೇ ಬದಲಾಗುತ್ತೆ. ಅದಕ್ಕೇ ನಮ್ಮ ಬಾಯಲ್ಲಿ "ಐ ಆಮ್ ವೇಟಿಂಗ್ ಸಿನ್ಸ್ ಟೂ ಅವರ್ಸ್" ಅಂತ ಬರೋದು. ಇದು ನಮಗೊಬ್ರಿಗೇ ಇರೋ ಕಷ್ಟ ಅಲ್ಲ, ಹಿಂದಿಯವರು ‘ದೋ ಘಂಟೇ ಸೇ’ ಅಂದು ಇದೇ ತಪ್ಪು ಮಾಡ್ತಾರೆ, ಜರ್ಮನ್ ಮತ್ತೆ ಫ್ರೆಂಚ್ ಭಾಷೇಲೂ ಇಂಥ ಕಡೆ ಸಾದಾ ವರ್ತಮಾನ ಕಾಲವೇ ಬರೋದು, ಹಾಗಾಗಿ ಅವರೂ ಇಂಗ್ಲಿಷ್ ಕಲಿಯೋವಾಗ ಇಲ್ಲೇ ಎಡವ್ತಾರೆ.

ಅರ್ಥ ಆದ್ರೆ ಸಾಕಲ್ವಾ ಸರ್ ಅಂತ ಕೇಳ್ತಾರೆ. ಎಷ್ಟೋ ಸಲ ಅರ್ಥ ಬೇರೆನೇ ಆಗಿಬಿಡುತ್ತೆ. ನಾನು ಮುಂಚೆ ಬೆಂಗಳೂರಲ್ಲಿ ಒಂದು ಸಪೋರ್ಟ್ ಕಂಪನೀಲಿ ನೈಟ್ ಶಿಫ್ಟ್ ಮಾಡ್ತಿದ್ದಾಗ ನಮ್ಮ ಟೀಮಿನ ಹುಡುಗ ಒಬ್ಬ ಅಮೆರಿಕದ ಕಸ್ಟಮರ್‌ಗೆ "ವಿ ಆರ್ ವರ್ಕಿಂಗ್ ಆನ್ ಇಟ್ ಫಾರ್ ತ್ರೀ ಡೇಸ್" ಅಂದಿದ್ದ. ಅವನ ಮನಸ್ಸಲ್ಲಿದ್ದಿದ್ದು ಮೂರು ದಿನದಿಂದ ಇದೇ ಕೆಲಸ ಮಾಡ್ತಾ ಇದೀವಿ ಅಂತ, ಆ ಕಡೆಯವರು ತಿಳ್ಕೊಂಡಿದ್ದು ಇದು ಮೂರು ದಿನದ ಕೆಲಸ, ಆಮೇಲೆ ಮುಗಿಯುತ್ತೆ ಅಂತ. ಮೂರು ದಿನ ಬಿಟ್ಟು ಅವರು ಮಾಡಿದ ಕಾಲ್ ತಗೊಂಡಿದ್ದು ನಾನು. ಅವರು ರೇಗಿದ್ದು ಇನ್ನೂ ಕಿವೀಲಿದೆ, ಪಾಪ ಆ ಹುಡುಗ ಮೂರು ರಾತ್ರಿ ನಿಜವಾಗ್ಲೂ ಕೂತು ಕೆಲಸ ಮಾಡಿದ್ದ. ‘ಆಮ್, ಈಸ್, ಆರ್’ ಜೊತೆ ‘ಇಂಗ್’ ಬಂದು ಪಕ್ಕದಲ್ಲಿ ‘ಫಾರ್ ತ್ರೀ ಡೇಸ್’ ಇದ್ರೆ ಇಂಗ್ಲಿಷ್ ಕಿವಿಗೆ ಅದು ಪ್ಲ್ಯಾನ್ ಥರ ಕೇಳಿಸುತ್ತೆ. "ಐ ಆಮ್ ಸ್ಟೇಯಿಂಗ್ ಹಿಯರ್ ಫಾರ್ ಟೂ ವೀಕ್ಸ್" ಅಂದ್ರೆ ಒಟ್ಟು ಎರಡು ವಾರ ಇರ್ತೀನಿ ಅಂತ. ಬಂದು ಎರಡು ವಾರ ಆಯ್ತು, ಇನ್ನೂ ಇಲ್ಲೇ ಇದೀನಿ ಅನ್ನೋಕೆ "ಐ ಹ್ಯಾವ್ ಬೀನ್ ಸ್ಟೇಯಿಂಗ್" ಅನ್ಲೇಬೇಕು.

ಎರಡನೇದು ‘ಸಿನ್ಸ್’ ಮತ್ತೆ ‘ಫಾರ್’. ಇದಕ್ಕೆ ಬೆರಳು ಸಾಕು. ‘ಇಂದ’ ಅಂಟಿರೋ ಪದವನ್ನ ಕ್ಯಾಲೆಂಡರಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ಇಲ್ಲಿಂದ ಅಂತ ತೋರಿಸೋಕಾದ್ರೆ ‘ಸಿನ್ಸ್’: ಸೋಮವಾರದಿಂದ, 2019ರಿಂದ, ಬೆಳಿಗ್ಗೆಯಿಂದ, ಯುಗಾದಿಯಿಂದ. ಬೆರಳು ಮಡಚಿ ಎಣಿಸೋದಾದ್ರೆ ‘ಫಾರ್’: ನಾಲ್ಕು ದಿನದಿಂದ, ಆರು ತಿಂಗಳಿಂದ. ‘ಮದುವೆ ಆದಾಗಿಂದ’, ‘ಕೆಲಸಕ್ಕೆ ಸೇರಿದಾಗಿಂದ’ ಥರ ‘ಆಗಿಂದ’ ಬಂದ್ರೆ ಯೋಚನೇನೇ ಬೇಡ, ‘ಸಿನ್ಸ್’. ನಮ್ಮ ಹುಡುಗಿ ಬಸ್‌ಸ್ಟ್ಯಾಂಡಿಂದ ಹೇಳಿದ ಮಾತು ಇಂಗ್ಲಿಷಲ್ಲಿದ್ದಿದ್ರೆ "ಸಿನ್ಸ್ ಟೂ ಓ ಕ್ಲಾಕ್" ಅಂತ ಇರ್ತಿತ್ತು, ನಾನು ಗಾಬರಿ ಬೀಳ್ತಿರ್ಲಿಲ್ಲ. ರೆಸ್ಯೂಮೆಗಳಲ್ಲಿ ಮಾಮೂಲಾಗಿ ಕಾಣೋ ಇನ್ನೊಂದಿದೆ, "ಫ್ರಮ್ ಪಾಸ್ಟ್ ಟೂ ಇಯರ್ಸ್", "ಸಿನ್ಸ್ ಲಾಸ್ಟ್ ಟೂ ಇಯರ್ಸ್". ಎರಡೂ ಬೇಡ, "ಫಾರ್ ದ ಪಾಸ್ಟ್ ಟೂ ಇಯರ್ಸ್" ಅಂತ ಬರೀರಿ. ಊರಿಂದ ಬಂದೆ ಅನ್ನೋ ‘ಇಂದ’ಕ್ಕೆ ‘ಫ್ರಮ್’ ಸರಿ, ಎರಡು ವರ್ಷದಿಂದ ಮಾಡ್ತಾ ಇದೀನಿ ಅನ್ನೋ ‘ಇಂದ’ಕ್ಕೆ ಅದು ಹೊಂದಲ್ಲ.

ಪ್ರಶ್ನೆ ಕೇಳೋದು ಸುಲಭ. ‘ಎಷ್ಟು ಹೊತ್ತಿಂದ’, ‘ಎಷ್ಟು ದಿನದಿಂದ’, ‘ಎಷ್ಟು ವರ್ಷದಿಂದ’ ಎಲ್ಲಕ್ಕೂ "ಹೌ ಲಾಂಗ್" ಒಂದೇ, ಅದರ ಹಿಂದೆ "ಹ್ಯಾವ್ ಯೂ ಬೀನ್". "ಸಿನ್ಸ್ ಹೌ ಲಾಂಗ್ ಯೂ ಆರ್ ವೇಟಿಂಗ್" ಅಲ್ಲ, "ಹೌ ಲಾಂಗ್ ಹ್ಯಾವ್ ಯೂ ಬೀನ್ ವೇಟಿಂಗ್?" ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗೋರಿಗೆ ಇದನ್ನ ನಾನು ದಿನಾ ಹೇಳಿಸ್ತೀನಿ, ಯಾಕಂದ್ರೆ ಪೇಷಂಟ್ ಹತ್ರ ಮೊದಲು ಕೇಳೋದೇ "ಹೌ ಲಾಂಗ್ ಹ್ಯಾವ್ ಯೂ ಬೀನ್ ಕಾಫಿಂಗ್?", ಎಷ್ಟು ದಿನದಿಂದ ಕೆಮ್ಮು ಅಂತ. ಉತ್ತರದಲ್ಲಿ ‘ಸಿನ್ಸ್’ ಬಂತಾ ‘ಫಾರ್’ ಬಂತಾ ಅನ್ನೋದೂ ಅಲ್ಲಿ ಮುಖ್ಯ ಆಗುತ್ತೆ.

ಈಗ ಸ್ವಲ್ಪ ನಿಧಾನವಾಗಿ ಓದ್ಬೇಕಾಗಿರೋ ಜಾಗ. ‘ಇಂದ’ ಇದೆ, ಆದ್ರೆ ‘ತಾ’ ಇಲ್ಲ ಅಂದ್ರೆ ಏನ್ಮಾಡೋದು? ‘ಅವನು ನಂಗೆ ಹತ್ತು ವರ್ಷದಿಂದ ಗೊತ್ತು’, ‘ನಂಗೆ ಭಾನುವಾರದಿಂದ ಜ್ವರ’, ‘ಚಿಕ್ಕಂದಿನಿಂದ ನಂಗೆ ಬೆಕ್ಕು ಅಂದ್ರೆ ಇಷ್ಟ’. ಇಲ್ಲೆಲ್ಲ ‘ನಾನು’ ಇಲ್ಲ, ‘ನಂಗೆ’ ಇದೆ. ನಾವಾಗೇ ಮಾಡೋ ಕೆಲಸ ಅಲ್ಲ ಇದು, ನಮ್ಮಲ್ಲಿ ಇರೋ ಸ್ಥಿತಿ, ಅದನ್ನ ಕನ್ನಡ ಇಷ್ಟು ಚೆನ್ನಾಗಿ ಬೇರೆ ಮಾಡಿ ಇಟ್ಟಿರೋದು ನೋಡಿದ್ರೆ ನಂಗೆ ಈಗ್ಲೂ ಖುಷಿ ಆಗುತ್ತೆ. ಇಂಗ್ಲಿಷಲ್ಲೂ ಇಲ್ಲಿ ‘ಇಂಗ್’ ಬರಲ್ಲ. "ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್." "ಐ ಹ್ಯಾವ್ ಹ್ಯಾಡ್ ಎ ಫೀವರ್ ಸಿನ್ಸ್ ಸಂಡೇ." "ಐ ಹ್ಯಾವ್ ಬೀನ್ ನೋಯಿಂಗ್ ಹಿಮ್" ಅಂದ್ರೆ ತಪ್ಪು. ‘ಮೂರು ವರ್ಷದಿಂದ ಮೈಸೂರಲ್ಲಿದೀನಿ’ ಅನ್ನೋದಕ್ಕೂ "ಐ ಹ್ಯಾವ್ ಬೀನ್ ಇನ್ ಮೈಸೂರ್ ಫಾರ್ ತ್ರೀ ಇಯರ್ಸ್" ಅಂತ ನಿಲ್ಲಿಸಿದ್ರೆ ಆಯ್ತು.

ಆದ್ರೆ ಒಂದು ಗುಂಪು ನಮ್ಮನ್ನ ದಾರಿ ತಪ್ಪಿಸುತ್ತೆ. ‘ಒಂದು ಗಂಟೆಯಿಂದ ನಿಂತಿದೀನಿ’, ‘ಮಗು ಆಗ್ಲಿಂದ ಮಲಗಿದೆ’, ‘ಬೆಳಿಗ್ಗೆಯಿಂದ ಕೂತಿದಾರೆ’. ಕನ್ನಡದಲ್ಲಿ ಇವಕ್ಕೆ ‘ತಾ’ ಬರಲ್ಲ, ‘ನಿಲ್ತಾ ಇದೀನಿ’ ಅಂತ ಯಾರೂ ಅನ್ನಲ್ಲ. ಇಂಗ್ಲಿಷಲ್ಲಿ ಮಾತ್ರ ‘ಇಂಗ್’ ಬೇಕು: "ಐ ಹ್ಯಾವ್ ಬೀನ್ ಸ್ಟ್ಯಾಂಡಿಂಗ್ ಫಾರ್ ಎನ್ ಅವರ್." ನಿಲ್ಲೋದು, ಕೂರೋದು, ಮಲಗೋದು, ಬಟ್ಟೆ ಹಾಕ್ಕೊಂಡಿರೋದು, ಈ ನಾಲ್ಕನ್ನ ಬೇರೆಯಾಗಿ ಬರೆದಿಟ್ಕೊಳಿ, ಇವನ್ನ ಬಾಯಿಗೆ ರೂಢಿ ಮಾಡ್ಕೊಳೋದು ಬಿಟ್ರೆ ಬೇರೆ ದಾರಿ ನಂಗೂ ಸಿಕ್ಕಿಲ್ಲ.

ಲೆಕ್ಕ ಬಂದ್ರೆ ‘ಇಂಗ್’ ಬಿಡಿ. ‘ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದೀನಿ’, "ಐ ಹ್ಯಾವ್ ಬೀನ್ ಕಾಲಿಂಗ್ ಯೂ ಸಿನ್ಸ್ ದಿಸ್ ಮಾರ್ನಿಂಗ್". ‘ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಮಾಡಿದೀನಿ’, "ಐ ಹ್ಯಾವ್ ಕಾಲ್ಡ್ ಯೂ ಟೆನ್ ಟೈಮ್ಸ್". ಇಲ್ಲೂ ಕನ್ನಡ ಜೊತೆಗೇ ಬರುತ್ತೆ, ‘ಮಾಡ್ತಾ’ಗೆ ಒಂದು, ‘ಮಾಡಿದೀನಿ’ಗೆ ಇನ್ನೊಂದು. ‘ಇಲ್ಲ’ ಬಂದಾಗ್ಲೂ ಹಾಗೇ, ‘ಒಂದು ವಾರದಿಂದ ನೆಟ್‌ವರ್ಕ್ ವರ್ಕ್ ಆಗ್ತಾ ಇಲ್ಲ’ ಅಂದ್ರೆ "ಹ್ಯಾಸ್ ನಾಟ್ ಬೀನ್ ವರ್ಕಿಂಗ್", ‘ನಿನ್ನೆಯಿಂದ ಊಟ ಮಾಡಿಲ್ಲ’ ಅಂದ್ರೆ "ಹ್ಯಾವ್ ನಾಟ್ ಈಟನ್".

ಇದೇ ಟೆನ್ಸಿಗೆ ಇನ್ನೊಂದು ಕೆಲಸ ಇದೆ, ಅಲ್ಲಿ ‘ಇಂದ’ ಇರಲ್ಲ. ಅಡುಗೆ ಮನೆಯಿಂದ ಅಕ್ಕ ಕಣ್ಣು ಕೆಂಪು ಮಾಡ್ಕೊಂಡು ಸೆರಗಲ್ಲಿ ಒರೆಸ್ಕೊಂತಾ ಈಚೆ ಬರ್ತಾಳೆ. ಅಳ್ತಾ ಇದ್ದೆಯೇನೇ ಅಂತ ಕೇಳ್ತೀವಿ. "ಹ್ಯಾವ್ ಯೂ ಬೀನ್ ಕ್ರೈಯಿಂಗ್?" ಅವಳು ‘ಇಲ್ವೋ, ಈರುಳ್ಳಿ ಹೆಚ್ತಾ ಇದ್ದೆ’ ಅಂತಾಳೆ. "ನೋ, ಐ ಹ್ಯಾವ್ ಬೀನ್ ಕಟಿಂಗ್ ಆನಿಯನ್ಸ್." ಹೆಚ್ಚೋದು ಈಗಷ್ಟೇ ನಿಂತಿದೆ, ಗುರುತು ಮಾತ್ರ ಕಣ್ಣಲ್ಲಿ ಉಳ್ಕೊಂಡಿದೆ. ಬಾಗಿಲು ತೆಗೆದ್ರೆ ರಸ್ತೆ ಒದ್ದೆ, ಮಳೆ ನಿಂತಿದೆ, "ಇಟ್ ಹ್ಯಾಸ್ ಬೀನ್ ರೇನಿಂಗ್". ಕನ್ನಡದಲ್ಲಿ ಇಲ್ಲಿ ‘ಇದ್ದೆ’, ‘ಇತ್ತು’ ಅಂತ ಬರೋದ್ರಿಂದ ನಾವು "ಐ ವಾಸ್ ಕಟಿಂಗ್" ಅಂತೀವಿ, ಅದೇನೂ ದೊಡ್ಡ ತಪ್ಪಲ್ಲ, ಆದ್ರೆ ಕಣ್ಣೆದುರಿಗೆ ಗುರುತು ಇದ್ದಾಗ ‘ಹ್ಯಾವ್ ಬೀನ್’ ಹೆಚ್ಚು ಹೊಂದುತ್ತೆ.

ಉಚ್ಚಾರಣೆ ಬಗ್ಗೆ ಒಂದು ಮಾತು. ಮಾತಲ್ಲಿ ಯಾರೂ "ಐ ಹ್ಯಾವ್ ಬೀನ್" ಅಂತ ಬಿಡಿಸಿ ಹೇಳಲ್ಲ, "ಐವ್ ಬಿನ್", "ಶೀಸ್ ಬಿನ್" ಅಂತ ಓಡಿಸಿಬಿಡ್ತಾರೆ, ಕಿವಿ ಕೊಡದೇ ಇದ್ರೆ ‘ಬಿನ್’ ಬಂದಿದ್ದೇ ಗೊತ್ತಾಗಲ್ಲ. ಬರೆಯೋವಾಗ ‘ಬೀನ್’ ಬದ್ಲು ‘ಬೀಯಿಂಗ್’ ಅಂತ ಬರೆಯೋರು ಸುಮಾರು ಜನ ಇದಾರೆ, ಮೆಸೇಜ್ ಕಳಿಸೋ ಮುಂಚೆ ಅದೊಂದನ್ನ ನೋಡ್ಕೊಳಿ.

ಪ್ರ್ಯಾಕ್ಟೀಸಿಗೆ ಪುಸ್ತಕ ಬೇಡ. ರಾತ್ರಿ ಮಲಗೋ ಮುಂಚೆ ನಿಮ್ಮ ಮನೇಲಿ ನಿಜವಾಗ್ಲೂ ನಡೀತಿರೋ ಐದು ‘ಇಂದ’ ವಾಕ್ಯ ಹುಡುಕಿ ಜೋರಾಗಿ ಹೇಳಿ. ‘ಅಮ್ಮ ಬೆಳಿಗ್ಗೆಯಿಂದ ಹಪ್ಪಳ ಮಾಡ್ತಾ ಇದಾಳೆ.’ ‘ಆರು ತಿಂಗಳಿಂದ ಬಾಡಿಗೆ ಮನೆ ಹುಡುಕ್ತಾ ಇದೀವಿ.’ ‘ಪಕ್ಕದ ಮನೆಯವರು ದೀಪಾವಳಿಯಿಂದ ಮಾತಾಡ್ತಾ ಇಲ್ಲ.’ ಪ್ರತಿ ವಾಕ್ಯದಲ್ಲೂ ಮೊದಲು ‘ಇಂದ’ದ ಮೇಲೆ ಬೆರಳಿಡಿ, ಆಮೇಲೆ ‘ತಾ’ ಇದೆಯಾ ನೋಡಿ, ಆಮೇಲೆ ಬಾಯಿ ತೆಗೀರಿ. ಅಕ್ಕನ ಮಗಳಿಗೂ ಇದನ್ನೇ ಮಾಡಿಸ್ತಾ ಇದೀನಿ, ಮೂರು ವಾರ ಆಯ್ತು, ನಿನ್ನೆ ಬಸ್‌ಸ್ಟ್ಯಾಂಡಿಂದ ಅವಳ ಮೆಸೇಜ್ ಬಂತು: "ಐ ಹ್ಯಾವ್ ಬೀನ್ ಸ್ಟ್ಯಾಂಡಿಂಗ್ ಹಿಯರ್ ಸಿನ್ಸ್ ಫೋರ್, ಮಾಮ."